ಸಿಹಿ ಮುಟ್ಟದ ಭಾನುವಾರಗಳು

ಸೋಮವಾರ ಬೆಳಿಗ್ಗೆ ಕಚೇರಿಗೆ ಬಂದರೆ ನನ್ನ ಮೇಜಿನ ಮೇಲೆ ಎಣ್ಣೆ ಒಸರಿದ ಒಂದು ಪೊಟ್ಟಣವಿತ್ತು. ಬಿಚ್ಚುವ ಮೊದಲೇ ಗೊತ್ತಾಯಿತು, ಸವಣೂರಿನ ಕುರುಕಲು ಖಾರ. ಬೆಳ್ಳುಳ್ಳಿ, ಕರಿಬೇವು, ಮೆಣಸಿನಪುಡಿ ಮೂರೂ ಬಿಸಿ ಎಣ್ಣೆಯಲ್ಲಿ ಕೂಡಿ ಎದ್ದ ಆ ವಾಸನೆಗೆ ಬೇರೆಯವರ ಬಾಯಲ್ಲಿ ನೀರೂರುತ್ತದೆ. ನನಗೆ ಸಿಟ್ಟು ಬರುತ್ತದೆ. ಪೊಟ್ಟಣ ತಂದಿಟ್ಟವನು ನಮ್ಮ ಕಚೇರಿಗೆ ಹೊಸದಾಗಿ ಬಂದ ವಿನಾಯಕ. ವಾರದ ಕೊನೆಗೆ ಗೆಳೆಯರನ್ನು ಕಟ್ಟಿಕೊಂಡು ಊರೂರು ತಿರುಗಿ ತಿನ್ನುವುದು ಅವನ ಚಟ. ಶಿಗ್ಗಾವಿ, ಹಾನಗಲ್ಲ ಕಡೆ ಹೊರಟಿದ್ದೇವೆ, ಎಲ್ಲಿ ಉಂಡರೆ ಚಲೋ ಎಂದು ಶುಕ್ರವಾರ ಕೇಳಿದ್ದ. ನಾನು ಕಂಪ್ಯೂಟರಿನಿಂದ ಕಣ್ಣೆತ್ತದೆ ಹೇಳಿದ್ದೆ. ಶಿಗ್ಗಾವಿಯಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ತಗಡಿನ ಅಂಗಡಿಯ ಗಿರ್ಮಿಟ್ಟು, ಸವಣೂರಿನಲ್ಲಿ ಹಳೇ ಪೇಟೆಯ ಖಾರ, ಹಾನಗಲ್ಲಿನಲ್ಲಿ ಕೆರೆ ದಾರಿಯ ಖಾನಾವಳಿಯ ಎಣಗಾಯಿ. ಹಿರೇಕೆರೂರಿನಲ್ಲಿ ಎಂದು ಶುರುಮಾಡಿ ಅಲ್ಲಿಗೆ ಬಾಯಿ ಮುಚ್ಚಿದ್ದೆ.

"ಮೇಡಮ್ಮರ, ನೀವು ಹೇಳಿದ್ದು ಒಂದೂ ಹುಸಿ ಹೋಗಲಿಲ್ರಿ," ಅಂದ ವಿನಾಯಕ. "ಭಾಳ ತಿರುಗೀರಿ ಕಾಣತೈತಿ. ಇಷ್ಟ ಕಡೆ ಉಣ್ಣಾಕ ಪುಣ್ಯಾ ಮಾಡಿರಬೇಕು."

ಪುಣ್ಯ ಎಂಬ ಮಾತಿಗೆ ನಾನು ನಕ್ಕೆ. ಅವನು ಅದನ್ನು ಸಂತೋಷ ಅಂದುಕೊಂಡು ತನ್ನ ಕುರ್ಚಿಗೆ ಹೋದ. ಆ ಹೊಟೇಲುಗಳನ್ನೆಲ್ಲ ನಾನು ಕಂಡದ್ದು ಒಂದೇ ಮಳೆಗಾಲದಲ್ಲಿ. ತಿನ್ನಲು ಹೋದವಳಲ್ಲ. ನನ್ನನ್ನು ಗಂಡಿನ ಕಡೆಯವರಿಗೆ ತೋರಿಸಲು ಕರೆದೊಯ್ಯುತ್ತಿದ್ದರು.

ಆ ವರ್ಷ ನನಗೆ ಮೂವತ್ತು ದಾಟಿತ್ತು. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಹೆಣ್ಣು ನೋಡಲು ಬಂದವರ ಚಪ್ಪಲಿ ಬಾಗಿಲಲ್ಲಿ ಕಂಡರೆ ಸಾಕು, ಎದುರುಮನೆಯ, ಬಾಜೂಮನೆಯ ಹೆಂಗಸರೆಲ್ಲ ಮೊರ ಹಿಡಿದು ಕಟ್ಟೆಗೆ ಬಂದು ಅಕ್ಕಿ ಆರಿಸಲು ಕೂರುತ್ತಿದ್ದರು. ಬೇರೆ ದಿನ ಅವರ ಮನೆಯ ಅಕ್ಕಿಯಲ್ಲಿ ಕಲ್ಲೇ ಇರುತ್ತಿರಲಿಲ್ಲ. ಬಂದವರು ಹೋದ ಕೂಡಲೇ "ಆತೇನ್ರಿ?" ಎಂದು ಕೇಳುವರು. ಆಗಿಲ್ಲ ಎಂದು ಅವ್ವನ ಮುಖದಲ್ಲೇ ಬರೆದಿರುತ್ತಿತ್ತು, ಆದರೂ ಬಾಯಿಂದ ಕೇಳಿಯೇ ಅವರಿಗೆ ಸಮಾಧಾನ. ಅವ್ವ ಅವರಿಗೆ ಅಂಜಿ ಸಂಜೆ ಹೊರಗೆ ಬೀಳುವುದನ್ನೇ ಬಿಟ್ಟಿದ್ದಳು. ಹತ್ತಿ ಗಿರಣಿಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತನಾಗಿದ್ದ ಅಪ್ಪ, ನನ್ನ ಎದುರಿಗೆ ಪೇಪರು ಅಡ್ಡ ಹಿಡಿದುಕೊಂಡು ಕೂರಲು ಕಲಿತಿದ್ದ. ನನ್ನ ಹೆಸರು ಸುಮಂಗಲಾ. ಆ ಹೆಸರು ಕರೆಯುವಾಗಲೂ ಅವನಿಗೆ ಮುಜುಗರವಾಗುತ್ತಿತ್ತು ಎಂದು ನನಗೆ ಅನುಮಾನ.

ಇದಕ್ಕೆ ಉಪಾಯ ಹುಡುಕಿದವನು ಗುರುಪಾದಮಾವ, ಅವ್ವನ ತಮ್ಮ. ತಡಸದಲ್ಲಿ ಅವನಿಗೆ ಒಂದು ಕಿರಾಣಿ ಅಂಗಡಿ, ಒಂದು ಹಳೇ ವ್ಯಾನು ಮತ್ತು ಯಾವುದಕ್ಕೂ ಇಲ್ಲ ಎನ್ನದ ಹೊಟ್ಟೆ ಇತ್ತು.

"ಮನಿಗೆ ಯಾಕ ಕರಸ್ತಿ ಅಕ್ಕಾ, ಓಣಿ ಮಂದಿಗೆ ಪುಕ್ಕಟ ನಾಟಕ ತೋರಿಸಿದಂಗ," ಅಂದ. "ಐತವಾರ ನಾವ ಹುಡುಗನ ಊರ ಕಡೆ ಹೋಗೂಣು. ಚಲೋ ಹೊಟೇಲ್ನ್ಯಾಗ ಕುಂತು ಮಾತಾಡೂಣು. ಈಗ ಎಲ್ಲಾರೂ ಹಂಗ ಮಾಡಾಕತ್ತಾರ. ಆದ್ರ ಆತು, ಇಲ್ಲಂದ್ರ ಉಂಡದ್ದರ ಉಳೀತೈತಿ."

ಉಂಡದ್ದು ಉಳಿದದ್ದು ಅವನಿಗೆ ಮಾತ್ರ. ಯಾವ ಊರಿನಲ್ಲಿ ಯಾವ ಗಂಡು ಇದ್ದಾನೆ ಎನ್ನುವುದಕ್ಕಿಂತ ಯಾವ ಊರಿನಲ್ಲಿ ಯಾವ ಖಾನಾವಳಿ ಇದೆ ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೊದಲು ಹೊಟೇಲು ಗೊತ್ತು ಮಾಡಿ ಆಮೇಲೆ ಆ ಊರಿನಲ್ಲಿ ಗಂಡು ಹುಡುಕುತ್ತಿದ್ದ ಎಂದು ನಾನು ಈಗಲೂ ಪ್ರಮಾಣ ಮಾಡಿ ಹೇಳಬಲ್ಲೆ.

ನಮ್ಮ ಕಡೆ ಹೆಣ್ಣು ನೋಡುವಾಗ ಬಾಯಿಂದ ಬರುವ ಮಾತಿಗಿಂತ ಬಾಯಿಗೆ ಹೋಗುವ ತುತ್ತಿಗೆ ಬೆಲೆ ಹೆಚ್ಚು. ಉಪ್ಪಿಟ್ಟು, ಚಹಾ ಯಾರು ತಿಂದರೂ ಕುಡಿದರೂ ಅದಕ್ಕೆ ಅರ್ಥವಿಲ್ಲ. ಸಿಹಿ ಹಾಗಲ್ಲ. ಹುಡುಗನ ಕಡೆಯ ಹಿರಿಯರು "ಸಿಹಿ ತರಸ್ರಿ" ಎಂದರೆ ಹೆಣ್ಣು ಒಪ್ಪಿಗೆಯಾಯಿತು ಎಂದು. ಎರಡೂ ಕಡೆಯ ಹಿರಿಯರು ಸಿಹಿ ಬಾಯಿಗಿಟ್ಟರೆ ಮಾತು ಮುಗಿಯಿತು, ಆಮೇಲೆ ಹಿಂದೆ ಸರಿಯುವಂತಿಲ್ಲ. ಮಾವ ಈ ಪದ್ಧತಿಯನ್ನು ಹೊಟೇಲಿಗೆ ಒಗ್ಗಿಸಿದ. ರೊಟ್ಟಿ ಊಟ ಎಲ್ಲರೂ ಉಣ್ಣಬಹುದು, ಆದರೆ ಕೇಳುವವರೆಗೆ ಸಿಹಿ ಮೇಜಿಗೆ ಬರಕೂಡದು ಎಂದು ಮಾಲೀಕರಿಗೆ ಮೊದಲೇ ತಾಕೀತು ಮಾಡಿಡುತ್ತಿದ್ದ.

ಒಂದು ಸಂಗತಿ ಮಾತ್ರ ಯಾರ ತಲೆಗೂ ಹೊಳೆದಿರಲಿಲ್ಲ. ಮನೆಯಲ್ಲಿ ಹೆಣ್ಣು ನೋಡುವಾಗ ಹುಡುಗಿ ತಟ್ಟೆ ಹಿಡಿದು ಬರುತ್ತಾಳೆ, ಕೊಡುತ್ತಾಳೆ, ಗೋಡೆಗೆ ಒರಗಿ ನಿಲ್ಲುತ್ತಾಳೆ. ಅವಳು ತಿನ್ನುವುದನ್ನು ಯಾರೂ ನೋಡುವುದಿಲ್ಲ. ಹೊಟೇಲಿನಲ್ಲಿ ನಾನೂ ಮೇಜಿನ ಮುಂದೆ ಕೂತಿದ್ದೆ, ನನ್ನ ಮುಂದೆಯೂ ತಾಟು ಇತ್ತು. ಗಂಡಿನ ಕಡೆಯವರು ನನ್ನ ಮುಖ ಬಿಟ್ಟು ನನ್ನ ಬಾಯಿ ನೋಡತೊಡಗಿದರು.

ಮೊದಲನೆಯದು ಶಿಗ್ಗಾವಿ. ಮಿರಗ ಮಳೆ ಆಗಷ್ಟೇ ಹಿಡಿದು ರಸ್ತೆಯೆಲ್ಲ ರಾಡಿಯಾಗಿತ್ತು. ತಗಡಿನ ಮೇಲೆ ಮಳೆ ಬೀಳುವ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ನನಗೆ ಅದೇ ಹಿತವಾಗಿತ್ತು. ಚುರುಮುರಿಗೆ ಹುಣಸೆ ಗೊಜ್ಜು, ಹುರಿಗಡಲೆ ಪುಡಿ ಕಲಸಿ, ಮೇಲೆ ಹಸಿ ಉಳ್ಳಾಗಡ್ಡಿ ಉದುರಿಸಿ ಕೊಟ್ಟ ಗಿರ್ಮಿಟ್ಟು, ಜೊತೆಗೆ ಬಾಣಲೆಯಿಂದ ಆಗ ಎತ್ತಿದ ಮಿರ್ಚಿ ಬಜ್ಜಿ. ನಾನು ತಿಂದೆ. ಹಸಿದಿದ್ದೆ, ರುಚಿಯಾಗಿತ್ತು, ತಿಂದೆ. ಎದುರಿಗೆ ಹುಡುಗನ ಅತ್ತೆ ಒಬ್ಬಳು ಚಹಾದ ಬಸಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಹುಡುಗ ಮೊಬೈಲು ನೋಡುತ್ತಿದ್ದ. ಮರುದಿನ ಫೋನಿನಲ್ಲಿ ಬಂದ ತೀರ್ಪನ್ನು ಮಾವ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವ್ವನಿಗೆ ಒಪ್ಪಿಸಿದ.

"ಎರಡ ಮಿರ್ಚಿ ತಿಂದ್ಲಂತ, ಕಣ್ಣಾಗ ಒಂದ ಹನಿ ನೀರ ಬರಲಿಲ್ಲಂತ. ಇಂಥಾಕಿ ನಾಳೆ ಅತ್ತಿ ಸತ್ರೂ ಅಳಂಗಿಲ್ಲ ಅಂದ್ರು."

ಅವ್ವ ನನ್ನ ಕಡೆ ತಿರುಗಿ ಕೇಳಿದಳು, "ಒಂದೀಟು ಕಣ್ಣ ತೇವ ಮಾಡ್ಕೊಳ್ಳಾಕ ಏನಾಗಿತ್ತು ನಿನಗ?" ಅವಳು ತಮಾಷೆ ಮಾಡುತ್ತಿರಲಿಲ್ಲ. ನನಗೆ ಆ ಅತ್ತೆಯ ಮೇಲೆ ಬಂದ ಸಿಟ್ಟಿಗಿಂತ ಅವ್ವನ ಮೇಲೆ ಬಂದ ಸಿಟ್ಟು ದೊಡ್ಡದು.

ಅಂದಿನಿಂದ ತಾಲೀಮು ಶುರುವಾಯಿತು. ಭಾನುವಾರ ಹೊರಡುವ ಮುನ್ನ ಅವ್ವ ನನಗೆ ಮನೆಯಲ್ಲೇ ಹೊಟ್ಟೆ ಬಿರಿಯುವಷ್ಟು ಅವಲಕ್ಕಿ ತಿನ್ನಿಸುತ್ತಿದ್ದಳು, ಹೊಟೇಲಿನಲ್ಲಿ ಗುಬ್ಬಿಯಂತೆ ಕುಕ್ಕಿ ತಿನ್ನಲಿ ಎಂದು. ರೊಟ್ಟಿಯನ್ನು ಎಷ್ಟು ಸಣ್ಣ ಮುರಿಯಬೇಕು, ಚಟ್ನಿಯನ್ನು ಯಾವ ಬೆರಳಿನ ತುದಿಯಲ್ಲಿ ಮುಟ್ಟಬೇಕು, ನೀರನ್ನು ಗಟಗಟ ಅನ್ನಿಸದೆ ಹೇಗೆ ಕುಡಿಯಬೇಕು, ಎಲ್ಲವನ್ನೂ ಹೇಳಿಕೊಟ್ಟಳು. ಈ ಪಾಠವನ್ನು ಅವಳಿಗೆ ಯಾರು ಹೇಳಿಕೊಟ್ಟಿದ್ದರೋ ಗೊತ್ತಿಲ್ಲ. ನನ್ನ ಅವ್ವ ಗಂಡಸರೆಲ್ಲ ಎದ್ದು ಹೋದ ಮೇಲೆ ಅಡುಗೆಮನೆಯಲ್ಲಿ ನಿಂತೇ ಉಣ್ಣುವವಳು.

ಸವಣೂರಿಗೆ ಹೋದಾಗ ನಾನು ಈ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದೆ. ವೀಳ್ಯದೆಲೆಯ ಪೆಂಡಿಗಳ ಮೇಲೆ ನೀರು ಚಿಮುಕಿಸುತ್ತ ಕೂತವರ ಸಾಲಿನ ಪಕ್ಕದಲ್ಲೇ ಒಂದು ಸಣ್ಣ ಖಾನಾವಳಿ. ಬಿಸಿ ರೊಟ್ಟಿ, ಝುಣಕ, ಮಡಿಕೆಕಾಳಿನ ಪಲ್ಯ. ಝುಣಕದ ಮೇಲೆ ಒಗ್ಗರಣೆಯ ಬೆಳ್ಳುಳ್ಳಿ ಇನ್ನೂ ಚಟಗುಟ್ಟುತ್ತಿತ್ತು. ನಾನು ಅರ್ಧ ರೊಟ್ಟಿಗೆ ಕೈ ತೊಳೆದೆ. ಹುಡುಗನ ಅಕ್ಕ, ಯಲವಿಗಿಗೆ ಕೊಟ್ಟವಳು, ನನ್ನ ಹತ್ತಿರ ಸರಿದು ದನಿ ತಗ್ಗಿಸಿದಳು.

"ಹೊಟ್ಟಿದೇನರ ಬ್ಯಾನಿ ಐತೇನು? ಹೇಳವ್ವ, ನಮ್ಮ ಮುಂದ ಏನ ನಾಚಿಕಿ."

ಇಲ್ಲ ಎಂದೆ. ಅವಳು ನಂಬಲಿಲ್ಲ. ಹುಡುಗಿಗೆ ಒಳಗೆ ಏನೋ ರೋಗವಿದೆ, ಅದಕ್ಕೇ ಇಷ್ಟು ದಿನ ಉಳಿದಿದ್ದಾಳೆ, ದೊಡ್ಡ ದವಾಖಾನೆಯ ತಪಾಸಣೆಯ ಕಾಗದ ತೋರಿಸಿದರೆ ಮುಂದಿನ ಮಾತು ಎಂದು ವಾರದೊಳಗೆ ಸುದ್ದಿ ಬಂತು. ಮಿರ್ಚಿ ತಿಂದರೆ ಗಟ್ಟಿಗಿತ್ತಿ, ರೊಟ್ಟಿ ಬಿಟ್ಟರೆ ರೋಗಿಷ್ಟೆ. ಇವೆರಡರ ನಡುವೆ ಒಬ್ಬ ಹೆಣ್ಣುಮಗಳು ಎಷ್ಟು ತಿನ್ನಬೇಕು ಎಂದು ನನಗೆ ಯಾರೂ ಹೇಳಲಿಲ್ಲ.

ಆ ದಿನ ವಾಪಸು ಹೊರಡುವಾಗ ಮಾವ ಹಳೇ ಪೇಟೆಯಲ್ಲಿ ವ್ಯಾನು ನಿಲ್ಲಿಸಿ ಖಾರ ಕೊಳ್ಳಲು ಹೋದ. ಅಂಗಡಿಯ ಮುದುಕ ಬಾಬಾಸಾಬ್ ಮಾವನ ಹಳೆಯ ಗುರುತಿನವರು. ಕಿಟಕಿಯಲ್ಲಿ ನನ್ನ ಮುಖ ನೋಡಿ ಅವರಿಗೆ ಏನು ತಿಳಿಯಿತೋ, ಒಂದು ಪೊಟ್ಟಣ ಬೇರೆ ಕಟ್ಟಿ ತಂದು ನನ್ನ ಕೈಯಲ್ಲಿಟ್ಟರು. "ಇದು ನಿಂದು ಬೇಟಿ. ಮನ್ಯಾಗ ಕುಂತು ಆರಾಮ ತಿನ್ನು," ಅಂದರು. ಆ ಮಳೆಗಾಲದಲ್ಲಿ ನನಗೆ ತಿನ್ನು ಎಂದ ಮೊದಲ ಮನುಷ್ಯ ಅವರು. ಊರು ದಾಟುವುದರೊಳಗೆ ಮಾವ ತನ್ನ ಪೊಟ್ಟಣ ಮುಗಿಸಿ ಹಿಂದಕ್ಕೆ ಕೈ ಚಾಚಿದ. "ನಿನಗ ಹೆಂಗಿದ್ರೂ ಹೊಟ್ಟಿ ತುಂಬೈತಿ, ತಾ ಇಲ್ಲಿ." ಅಪ್ಪನೂ ಅದರಲ್ಲಿ ಎರಡು ಮುಷ್ಟಿ ತಿಂದ. ನನ್ನ ಪಾಲಿಗೆ ಎಣ್ಣೆಯ ಕಾಗದ ಉಳಿಯಿತು.

ಆಷಾಢ ಬಂತು. ಆ ತಿಂಗಳು ಹೆಣ್ಣು ನೋಡುವುದಿಲ್ಲ. ನನಗೆ ಜೀವ ಬಂದಂತಾಯಿತು, ಮಾವ ಸೊರಗಿದ. ಭಾನುವಾರ ಅಂಗಡಿಯಲ್ಲಿ ಕೂತು ಶೇಂಗಾ ತಿನ್ನುತ್ತ ಅಕ್ಕನಿಗೆ ಫೋನು ಮಾಡಿ, ಶ್ರಾವಣಕ್ಕೆ ಹಾನಗಲ್ಲಿನಲ್ಲಿ ಒಂದು ಭಾರಿ ಸಂಬಂಧವಿದೆ ಎಂದು ಆಸೆ ಹಚ್ಚುತ್ತಿದ್ದ. ಸಂಬಂಧದ ಬಗ್ಗೆ ಎರಡು ಮಾತು ಹೇಳಿ ಅಲ್ಲಿಯ ಎಣಗಾಯಿಯ ಬಗ್ಗೆ ಹತ್ತು ಮಾತು ಹೇಳುತ್ತಿದ್ದ.

ಎಣಗಾಯಿಯ ವಿಷಯದಲ್ಲಿ ಅವನು ಸುಳ್ಳು ಹೇಳಿರಲಿಲ್ಲ. ಎಳೇ ಬದನೆಕಾಯಿಗೆ ಶೇಂಗಾ, ಗುರೆಳ್ಳು, ಕೊಬ್ಬರಿ ತುಂಬಿ, ಎಣ್ಣೆ ಮೇಲೆ ತೇಲುವವರೆಗೆ ಬೇಯಿಸಿದ್ದು. ಹೊರಗೆ ಕೆರೆ ತುಂಬಿ ಗಾಳಿಗೆ ದಂಡೆಗೆ ಬಡಿಯುತ್ತಿತ್ತು. ಹುಡುಗ ಚೆನ್ನಾಗಿಯೇ ಇದ್ದ, ಕೇಳಿದ್ದಕ್ಕೆ ಉತ್ತರ ಕೊಟ್ಟ, ನನ್ನನ್ನು ಒಂದು ಸಲ ನೋಡಿದ. ಅವನ ಜೊತೆ ಕಾಕಾ ಮತ್ತು ಅಜ್ಜ ಬಂದಿದ್ದರು. ಅಜ್ಜನೇ ಮನೆಗೆ ಹಿರಿಯ, ಅವನ ಮಾತೇ ಕೊನೆಯದು ಎಂದು ಮಾವ ದಾರಿಯಲ್ಲಿ ಹೇಳಿಟ್ಟಿದ್ದ. ನಾವು ಅರ್ಧ ಉಂಡಿರುವಾಗ ಬಡಿಸುವವನು ಎಲ್ಲರ ತಾಟಿಗೂ ಒಂದೊಂದು ಸೌಟು ಗೋಧಿ ಹುಗ್ಗಿ ಬಡಿಸಿಕೊಂಡು ಹೋದ. ಮಾವ ತಾಕೀತು ಮಾಡಿದ್ದು ಮಾಲೀಕನಿಗೆ. ಮಾಲೀಕ ಊರಲ್ಲಿರಲಿಲ್ಲ, ಅವನ ಅಳಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ, ಶ್ರಾವಣದ ಭಾನುವಾರ ಊಟದ ಜೊತೆ ಹುಗ್ಗಿ ಹಾಕುವುದು ಅಲ್ಲಿಯ ರೂಢಿ.

ನಮ್ಮ ಮೇಜಿನಲ್ಲಿ ಎಲ್ಲರ ಕೈಯೂ ನಿಂತಿತು. ಅಜ್ಜನ ಕೈ ನಿಲ್ಲಲಿಲ್ಲ. ಅವನು ಹುಗ್ಗಿಗೆ ತುಪ್ಪ ಕೇಳಿದ, ತುಪ್ಪ ಬಂತು, ಕಲಸಿ ಬಾಯಿಗಿಟ್ಟ. ಇನ್ನೊಂದು ಸೌಟು ಹಾಕಿಸಿಕೊಂಡ. ಅಪ್ಪ ಮಾವನ ಮುಖ ನೋಡಿದ, ಮಾವ ಅವ್ವನ ಮುಖ ನೋಡಿದ, ಮೂವರೂ ಒಮ್ಮೆಗೇ ಹುಗ್ಗಿಗೆ ಕೈ ಹಾಕಿದರು. ನಾನು ಹುಡುಗನ ಕಡೆ ನೋಡಿದೆ. ಅವನು ತಾಟು ನೋಡುತ್ತಿದ್ದ.

ಅವ್ವ ಹಾನಗಲ್ಲು ದಾಟುವ ಮೊದಲೇ ವ್ಯಾನಿನಲ್ಲಿ ಫೋನು ಹಿಡಿದಳು. ಹಿರೇಬೆಂಡಿಗೇರಿಯ ದೊಡ್ಡಮ್ಮನಿಂದ ಹಿಡಿದು ವರ್ಷಗಟ್ಟಲೆ ಮಾತು ಬಿಟ್ಟಿದ್ದ ನಾದಿನಿಯವರೆಗೆ ಎಲ್ಲರಿಗೂ ಹೇಳಿದಳು. "ಅಜ್ಜಾರ ಎರಡ ಸಲ ಹಾಕಿಸ್ಕೊಂಡ್ರು" ಎಂದು ಪ್ರತಿ ಸಲವೂ ಹೇಳಿದಳು. ಮನೆಗೆ ಬಂದು ಓಣಿಗೆ ಪೇಡೆ ಹಂಚಿದಳು. ಅಕ್ಕಿ ಆರಿಸುವ ಹೆಂಗಸರು ಪೇಡೆ ತಿಂದು, ದೇವರು ದೊಡ್ಡವನು ಎಂದರು. ಆ ರಾತ್ರಿ ಅಪ್ಪ ನನ್ನ ಎದುರಿಗೆ ಪೇಪರು ಅಡ್ಡ ಹಿಡಿಯದೆ ಉಂಡ.

ಬುಧವಾರ ಅಪ್ಪ ಮುಂದಿನ ಮಾತಿಗೆಂದು ತಾನೇ ಫೋನು ಮಾಡಿದ. ಹುಡುಗನ ಕಾಕಾ ಮೊದಲು ಏನೂ ತಿಳಿಯದೆ, ಆಮೇಲೆ ತಿಳಿದು, ಜೋರಾಗಿ ನಕ್ಕ. ಆ ನಗು ಫೋನಿನಿಂದ ಹೊರಗೆ ಬಂದು ಪಡಸಾಲೆಯಲ್ಲಿ ಕೂತ ನಮಗೆಲ್ಲ ಕೇಳಿಸಿತು.

"ಅಜ್ಜಗ ಸಿಹಿ ಅಂದ್ರ ಜೀವಾರಿ. ಮನ್ಯಾಗ ಸಕ್ಕರಿ ರೋಗ ಅಂತ ಯಾರೂ ಕೊಡಂಗಿಲ್ಲ, ಅಲ್ಲಿ ತಾಟಿಗೆ ಬಂತು, ತಿಂದಾನ. ಅದಕ್ಕ ಹುಡುಗಿ ಒಪ್ಪಿಗಿ ಆತು ಅಂದ್ರ ಹೆಂಗ? ಬೇಕಂದ್ರ ಆ ಹುಗ್ಗಿ ರೊಕ್ಕ ಕಳಸೇವಿ ಬಿಡ್ರಿ."

ಅಪ್ಪ "ಬ್ಯಾಡ್ರಿ, ಬ್ಯಾಡ್ರಿ" ಎಂದ. ಹುಗ್ಗಿಯ ರೊಕ್ಕ ಬೇಡ ಎಂದು ಆ ಮನುಷ್ಯನಿಗೆ ವಿನಯದಿಂದ ಹೇಳಿ ಫೋನು ಇಟ್ಟ. ಓಣಿಗೆ ಸುದ್ದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು, ಏಕೆಂದರೆ ಅವ್ವ ಮುಸುಕು ಹಾಕಿ ಮಲಗಿದಳು. ನಾನು ಕಟ್ಟೆಗೆ ಹೋಗಿ, ಅದು ಮುರಿದುಬಿತ್ತು ಎಂದು ಎಲ್ಲರಿಗೂ ಕೇಳುವಂತೆ ಒಂದೇ ಸಲ ಹೇಳಿ ಒಳಗೆ ಬಂದೆ. ಹೇಳುವಾಗ ನನಗೆ ಅಳು ಬರಲಿಲ್ಲ. ಶಿಗ್ಗಾವಿಯ ಅತ್ತೆ ನನ್ನನ್ನು ಸರಿಯಾಗಿಯೇ ಗುರುತಿಸಿದ್ದಳು.

ಆಮೇಲೆ ಅವ್ವ ಬರುವುದನ್ನು ಬಿಟ್ಟಳು. ಅಪ್ಪ ವ್ಯಾನಿನಲ್ಲಿ ಮುಂದೆ ಕೂತು ಗಾಜಿಗೆ ಹೇಳಿದಂತೆ ಹೇಳುತ್ತಿದ್ದ, "ಗಿರಣ್ಯಾಗ ಯಾವ ಸಾಹುಕಾರನ ಮುಂದೂ ಬಾಗಲಿಲ್ಲ. ಈಗ ಬಡಿಸೂ ಮಂದಿ ಮುಂದ ಸುದ್ದಾ ಮಾರಿ ಇಲ್ಲದಂಗಾತು ನನಗ." ನನಗೆ ಅಪ್ಪನ ಬಗ್ಗೆ ಮರುಕವಾಗುತ್ತಿತ್ತು. ಮುದುಕನಾಗುತ್ತಿರುವ ಮನುಷ್ಯ, ಮಗಳ ಸಲುವಾಗಿ ಊರೂರಿನ ಕೈ ತೊಳೆಯುವ ನಲ್ಲಿಯ ಮುಂದೆ ನಿಲ್ಲುವಂತಾಯಿತಲ್ಲ ಎಂದು ಸಂಕಟವಾಗುತ್ತಿತ್ತು. ಒಮ್ಮೆ ಯಾರಾದರೂ ನನ್ನನ್ನು ಒಪ್ಪಲಿ, ಯಾರೇ ಇರಲಿ, ಈ ಮನುಷ್ಯನ ತಲೆ ಎತ್ತಲಿ ಎಂದು ನಾನು ಬೇಡಿಕೊಂಡದ್ದುಂಟು.

ಹಿರೇಕೆರೂರಿಗೆ ಹೋದದ್ದು ಹುಬ್ಬಿ ಮಳೆಯಲ್ಲಿ, ಪಿತೃಪಕ್ಷ ಹಿಡಿಯುವ ಮುಂಚಿನ ಭಾನುವಾರ. ದಾರಿಯುದ್ದಕ್ಕೂ ಗೋವಿನಜೋಳ ಆಳೆತ್ತರ ನಿಂತಿತ್ತು. ಹುಡುಗ ದನದ ದವಾಖಾನೆಯಲ್ಲಿ ಕಂಪೌಂಡರ್, ಹೆಸರು ವೀರೇಶ, ನನಗಿಂತ ಆರೇಳು ವರ್ಷ ದೊಡ್ಡವನು. ತಂದೆ ಇಲ್ಲ, ತಾಯಿ ಗಂಗವ್ವ. ಅಷ್ಟೇ ಜನ. ನಮ್ಮ ಕಡೆಯಿಂದ ಅಪ್ಪ, ಮಾವ, ನಾನು. ಖಾನಾವಳಿ ಎಂದರೆ ಒಬ್ಬ ಹೆಣ್ಣುಮಗಳು ತನ್ನ ಮನೆಯ ಪಡಸಾಲೆಯಲ್ಲೇ ಮೇಜು ಹಾಕಿ ನಡೆಸುವಂಥದ್ದು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು.

ನಾನು ಕಲಿತ ಪ್ರಕಾರ ರೊಟ್ಟಿಯ ಅಂಚನ್ನು ಉಗುರಿನಷ್ಟು ಮುರಿದೆ. ಗಂಗವ್ವ ನೋಡಿದರು.

"ಯಾಕವ್ವ, ಹಲ್ಲ ನೋಯ್ತಾವೇನು?" ಅಂದರು. "ಸರಿಯಾಗಿ ಉಣ್ಣು. ರೊಟ್ಟಿಗೆ ಅಂಜತಾರೇನು ಯಾರರ?"

ಅವರೇ ಒಳಗೆ ಕೂಗಿ ಬಿಸಿ ರೊಟ್ಟಿ ತರಿಸಿ ನನ್ನ ತಾಟಿಗೆ ಹಾಕಿದರು, ಬೆಣ್ಣೆ ಇಟ್ಟರು, ಹಸಿ ಮೆಂತ್ಯಸೊಪ್ಪು ಸರಿಸಿದರು. ಅವ್ವ ಮನೆಯಲ್ಲಿ ಮಲಗಿದ್ದರಿಂದ ಆ ದಿನ ನಾನು ಅವಲಕ್ಕಿ ತಿನ್ನದೆ ಹೊರಟಿದ್ದೆ. ಹಸಿವು ಇತ್ತು. ಉಂಡೆ. ಕಟ್ಟಿನ ಸಾರನ್ನು ಬಟ್ಟಲೆತ್ತಿ ಕುಡಿದೆ. ಗಂಗವ್ವ ನನ್ನನ್ನು ನೋಡುತ್ತಲೇ ಇದ್ದರು, ಆದರೆ ಆ ನೋಟ ಬೇರೆ ಇತ್ತು. ಚೆನ್ನಾಗಿ ಮೇಯುವ ಕರುವನ್ನು ನೋಡಿದ ಹಾಗೆ ಅವರಿಗೆ ಸಂತೋಷವಾಗಿತ್ತು.

ವೀರೇಶ ನನ್ನ ಕಡೆ ಉಪ್ಪಿನಕಾಯಿ ಸರಿಸುತ್ತ ಕೇಳಿದ, "ಶಿಗ್ಗಾವಿ ತಗಡಿನ ಅಂಗಡ್ಯಾಗ ಕುಂಡ್ರಿಸಿದ್ರೇನ್ರಿ ನಿಮ್ಮನ್ನ?"

"ಹೌದ್ರಿ. ನಿಮಗ ಹೆಂಗ ಗೊತ್ತು?"

"ನನ್ನೂ ಅಲ್ಲೇ ಕುಂಡ್ರಿಸಿದ್ರು. ಚೈತ್ರದಾಗ. ಮಿರ್ಚಿ ಚಲೋ ಇದ್ವು, ಹುಡುಗಿ ಅಪ್ಪ ಎದ್ದು ಹ್ವಾದ."

"ಹಾನಗಲ್ಲು?"

"ಎಣಗಾಯಿ," ಅಂದ. "ಎರಡ ಸಲ ಹೋಗೇನಿ. ಎರಡೂ ಸಲ ಎಣಗಾಯಷ್ಟ ಪಾಸಾತು."

ನಾನು ನಕ್ಕೆ. ಆ ಮಳೆಗಾಲದಲ್ಲಿ ಒಂದು ಹೊಟೇಲಿನ ಮೇಜಿನ ಮುಂದೆ ನಾನು ನಕ್ಕದ್ದು ಅದೇ ಮೊದಲು. ಸವಣೂರಿನಲ್ಲಿ ಯಾರ ಖಾರ ಚಲೋ, ಯಾವ ಖಾನಾವಳಿಯಲ್ಲಿ ಬಡಿಸುವವನು ತಾಟು ಕುಕ್ಕುತ್ತಾನೆ ಎಂದು ನಾವಿಬ್ಬರೂ ಮಾತಿಗೆ ಬಿದ್ದೆವು. ಒಂದೇ ಬೆಂಚಿನ ಮೇಲೆ ಬೇರೆಬೇರೆ ಭಾನುವಾರ ಕೂತು ಬೇಡವಾದ ಇಬ್ಬರು ಅಷ್ಟು ಸಲೀಸಾಗಿ ಮಾತಾಡಬಹುದು ಎಂದು ನನಗೆ ಗೊತ್ತಿರಲಿಲ್ಲ. ಅಲ್ಲಿಯವರೆಗೆ ನನ್ನನ್ನು ಯಾರಾದರೂ ಒಪ್ಪಲಿ ಎಂದಷ್ಟೇ ಇತ್ತು. ಈಗ ಇವನೇ ಆಗಲಿ ಎಂದು ಆಸೆಯಾಯಿತು. ಆಸೆಯಾದದ್ದಕ್ಕೆ ಹೆದರಿಕೆಯೂ ಆಯಿತು.

"ಸಿಹಿ ತರಸ್ರಿ," ಅಂದರು ಗಂಗವ್ವ.

ಅಪ್ಪನ ಮುಖ ನಾನು ಕಂಡಿರದಂತೆ ಅರಳಿತು. ಮಾವ ಕುರ್ಚಿಯಿಂದ ಅರ್ಧ ಎದ್ದು ಒಳಗೆ ಕೂಗಿದ, "ಹುಗ್ಗಿ ತರ್ರಿ, ತುಪ್ಪ ಮುಂದಿಟ್ಟು ತರ್ರಿ." ಖಾನಾವಳಿಯ ಹೆಣ್ಣುಮಗಳು ಬಟ್ಟಲುಗಳನ್ನು ತಂದು ಒಬ್ಬೊಬ್ಬರ ಮುಂದೆ ಇಡತೊಡಗಿದಳು. ಗಂಗವ್ವ ತಮ್ಮ ಬಟ್ಟಲಿನ ಮೇಲೆ ಅಂಗೈ ಮುಚ್ಚಿದರು.

"ಮುಟ್ಟೂಕಿಂತ ಮೊದ್ಲ ಒಂದ ಮಾತ ಹೇಳತೇನ್ರಿ."

"ಅದೆಲ್ಲ ಈಗ್ಯಾಕ್ರಿ ಅವ್ವಾರ," ಅಂದ ಮಾವ. ಅವನ ದನಿ ಕೇಳಿದಾಗ ಅವನಿಗೆ ಗೊತ್ತಿತ್ತು ಎಂದು ನನಗೆ ತಿಳಿಯಿತು.

"ಈಗ ಹೇಳಬೇಕ್ರಿ. ಆಮ್ಯಾಲೆ ಹೇಳಿದ್ರ ಮೋಸ ಆಗತೈತಿ." ಅವರು ಅಪ್ಪನ ಕಡೆ ತಿರುಗಿದರು. "ನನ್ನ ತವರಮನ್ಯಾವ್ರು ಕೆರ್ಯಾಗ ಮೀನ ಹಿಡದು ಬದಕಿದವ್ರು. ಕೆರಿ ಕೋಡಿ ಬಿತ್ತಂದ್ರ ನಮಗ ಹಬ್ಬಾ. ವೀರೇಶನ ಅಪ್ಪ ಮೆಚ್ಚಿ ಮಾಡಿಕೊಂಡ್ರು. ಅವತ್ತಿಂದ ನಾನೂ ನಿಮ್ಮಂಗ ಲಿಂಗ ಕಟ್ಟೇನಿ, ನಮ್ಮ ಒಲಿ ಮ್ಯಾಲೆ ಅಂಥಾದ್ದೇನೂ ಏರಿಲ್ಲ. ಆದ್ರ ಮುಚ್ಚಿಟ್ಟು ಸಿಹಿ ತಿನ್ನಾಂಗಿಲ್ರಿ ನಾ."

ಮಳೆ ನಿಂತಿತ್ತು. ಅಪ್ಪ ನನ್ನನ್ನು ನೋಡಲಿಲ್ಲ, ವೀರೇಶನನ್ನೂ ನೋಡಲಿಲ್ಲ. ಮಾವನಿಗೆ ಹೇಳಿದ, "ಎಲ್ಲಿ ತಂದು ಕುಂಡ್ರಿಸಿದ್ಯೋ ಗುರುಪಾದ." ತಾಟಿನಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದ. ಹೊರಗೆ ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದ. ಉಗುಳಿದ. ಮತ್ತೆ ನೀರು ತುಂಬಿಕೊಂಡ, ಗಂಟಲು ಗಲಗಲ ಮಾಡಿ ಮತ್ತೆ ಉಗುಳಿದ. ರೊಟ್ಟಿ ಬಡಿದದ್ದು ಖಾನಾವಳಿಯವಳು, ಪಲ್ಯ ಮಾಡಿದ್ದು ಅವಳೇ, ಗಂಗವ್ವ ಅವನ ತಾಟಿಗೆ ಬೆರಳು ಸೋಕಿಸಿರಲಿಲ್ಲ. ಆದರೂ ನನ್ನ ಅಪ್ಪ ಅವರಿಗೆ ಕೇಳಿಸಲಿ ಎಂದು ಬಾಯಿ ತೊಳೆಯುತ್ತಲೇ ಇದ್ದ. ಇಷ್ಟು ದಿನ ನಾನು ಮರುಕಪಡುತ್ತಿದ್ದ ಮನುಷ್ಯ ಇವನೇ. ನನ್ನನ್ನು ಬೇಡ ಎಂದವರೆಲ್ಲರ ಮುಂದೆ ಬಾಗಿದ ಅವನಿಗೆ, ನನ್ನನ್ನು ಬೇಕು ಎಂದ ಒಬ್ಬ ಹೆಂಗಸಿನ ಮುಂದೆ ಸೆಟೆದು ನಿಲ್ಲುವ ಅವಕಾಶ ಸಿಕ್ಕಿತ್ತು. ಅದನ್ನು ಅವನು ಅನುಭವಿಸಿದ ಎಂದೇ ನಾನು ಹೇಳುತ್ತೇನೆ.

"ನಡಿ ಸುಮಂಗಲಾ," ಎಂದು ಮಾವ ಎದ್ದ. ಹೋಗುವಾಗ ಹುಗ್ಗಿಯ ಬಟ್ಟಲುಗಳ ಮೇಲೆ ಒಮ್ಮೆ ಕಣ್ಣಾಡಿಸಿದ.

ವೀರೇಶ ತಲೆ ತಗ್ಗಿಸಿ ಕೂತಿದ್ದ. "ಎಲ್ಲಾ ಕಡೆ ಇಲ್ಲಿಗೇ ನಿಲ್ಲತೈತ್ರಿ," ಎಂದ, ನನಗೆ ಮಾತ್ರ ಕೇಳುವಂತೆ. "ಹೇಳಬ್ಯಾಡ ಅಂತ ನಾನೂ ಆಕಿಗೆ ಹೇಳಂಗಿಲ್ಲ." ಗಂಗವ್ವನ ಅಂಗೈ ಇನ್ನೂ ಬಟ್ಟಲಿನ ಮೇಲೆಯೇ ಇತ್ತು. ಅವರು ಬಾಗಿಲ ಕಡೆ ನೋಡುತ್ತಿದ್ದರು, ನಲ್ಲಿಯ ಸದ್ದು ಬರುವ ಕಡೆ.

ನಾನು ನನ್ನ ಮುಂದಿನ ಬಟ್ಟಲು ಹತ್ತಿರ ಎಳೆದುಕೊಂಡೆ. ಚಮಚ ಬಿಟ್ಟು ಕೈ ಹಾಕಿದೆ, ತುಪ್ಪದೊಂದಿಗೆ ಕಲಸಿ ಒಂದು ದೊಡ್ಡ ತುತ್ತು ಬಾಯಿಗಿಟ್ಟೆ. ಎಲ್ಲರೂ ನೋಡಲಿ ಎಂದೇ ಇಟ್ಟೆ. ವೀರೇಶ ತಲೆಯೆತ್ತಿ ನೋಡಿದ. ಬಾಗಿಲಲ್ಲಿ ನಿಂತಿದ್ದ ಮಾವನ ಮುಖ ಬೆಳ್ಳಗಾಯಿತು.

"ಏ ಹುಡುಗಿ, ಸಿಹಿ ಅದು. ಬ್ಯಾಡ, ಬಿಡು," ಎಂದು ಅವನು ನನ್ನ ಕಡೆ ಧಾವಿಸಿದ.

ಗಂಗವ್ವ ಅವನನ್ನು ತಡೆದರು. ಅವರಿಗೆ ನನ್ನ ಮೇಲೆ ಕನಿಕರವಿತ್ತು, ದನಿಯಲ್ಲಿ ಒಂದಿಷ್ಟೂ ಕಹಿಯಿರಲಿಲ್ಲ.

"ತಿನ್ಲಿ ಬಿಡ್ರಿ, ಪಾಪ," ಅಂದರು. "ಹುಡುಗಿ ತಿಂದ್ರ ಏನಾಗತೈತಿ?"

ಹೊರಗೆ ಅಪ್ಪ ವ್ಯಾನಿನ ಹಾರ್ನ್ ಒತ್ತಿದ. ನಾನು ಬಟ್ಟಲಿನ ತಳದವರೆಗೆ ತಿಂದೆ. ಏನೂ ಆಗಲಿಲ್ಲ.